ನೂರು ಮಾರು ದೂರದ ಶಾಸನ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ನಿವೃತ್ತ ಇತಿಹಾಸ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಲೇ ದೂರು ಕೊಟ್ಟರು. ಕೆರೆಯ ಪಡುವಣ ದಡದ ಶಾಸನದ ಕಲ್ಲು ಕಳುವಾಗಿದೆ. ತಮ್ಮ ಪುಸ್ತಕಕ್ಕೆ ಅದೇ ಆಧಾರ. ಗುರುವಾರ ವಿದ್ವಾಂಸರ ತಂಡ ಅದನ್ನು ನೋಡಲು ಬರುತ್ತಿದೆ. ಅನುಮಾನ, ದಡದಲ್ಲಿ ಹೊಲವಿರುವ ಮುದುಕಿಯ ಮೇಲೆ. ಎಫ್‌ಐಆರ್ ಆಯಿತು.

ಮಧ್ಯಾಹ್ನ ಮುದುಕಿಯ ಕೊಟ್ಟಿಗೆಯಲ್ಲಿ, ಹುಲ್ಲಿನಡಿ ಅಕ್ಷರ ಕೊರೆದ ಕಲ್ಲಿನ ಚೂರು ಸಿಕ್ಕಿತು. ಪಂಚನಾಮೆ ಬರೆಯುತ್ತಿದ್ದ ಪೇದೆಯನ್ನು ಅವಳು ದುರುಗುಟ್ಟಿ ನೋಡಿದಳು.

"ಕಲ್ಲು ಕದ್ದು ಏನ್ ಮಾಡ್ಲೋ ಮಗ, ಬೇಯಿಸ್ಕೊಂಡು ತಿನ್ಲಾ?"

"ಅದನ್ನ ಠಾಣೇಲಿ ಹೇಳು. ನಡಿ ಅಜ್ಜಿ."

"ಹಸು ಇವತ್ತೋ ನಾಳೆಯೋ ಈಯುತ್ತೆ. ನನ್ನ ಒಳಗೆ ಹಾಕಿದ್ರೆ ಅದನ್ನ ನೀನು ನೋಡ್ಕೋತೀಯಾ?"

ಇನ್‌ಸ್ಪೆಕ್ಟರ್ ಚೂರನ್ನು ತಿರುವಿದರು. ಕಲ್ಲು ಹಳೆಯದು, ಅಕ್ಷರದ ಗೆರೆಯೊಳಗಿನ ಬಿಳಿ ಪುಡಿ ಹೊಸದು. ಬೆರಳಿಗೆ ಅಂಟಿತು.

"ಅಜ್ಜಿ ಸದ್ಯಕ್ಕೆ ಇಲ್ಲೇ ಇರಲಿ," ಎಂದರು.

ರಾತ್ರಿಯೆಲ್ಲ ಮೇಷ್ಟ್ರ ಪುಸ್ತಕ ಓದಿದರು. ಅಡಿಟಿಪ್ಪಣಿ ಹೇಳುತ್ತಿತ್ತು: 'ತೂಬಿನಿಂದ ಪಡುವಣಕ್ಕೆ ನೂರು ಮಾರು. ಖುದ್ದು ನೋಡಿದ್ದು.'

ಮರುದಿನ ಹಗ್ಗ ಹಿಡಿದು ಅಳೆಯುತ್ತ ಹೋದ ಪೇದೆ, ನೂರು ಮುಟ್ಟುವ ಮುಂಚೆಯೇ ಸೊಂಟದವರೆಗೆ ನೀರಲ್ಲಿದ್ದ.

"ಸಾರ್, ನಂಗೆ ಈಜು ಬರಲ್ಲ!"

"ಏರಿ ಎತ್ತರಿಸಿದ ವರ್ಷ ಮುಳುಗಿದ ಜಾಗ ಅದು," ದಡದಿಂದ ಅಜ್ಜಿ ಕೂಗಿದಳು. "ಆಮೇಲೆ ಒಂದು ಬೇಸಿಗೆಗೂ ಬತ್ತಿಲ್ಲ. ಆಗ ಹುಟ್ಟಿದ ನನ್ನ ಮಗಳು ಈಗ ಮೊಮ್ಮಗು ಆಡಿಸ್ತಾಳೆ."

ಗ್ರಂಥಾಲಯದಲ್ಲಿ, ಮೇಷ್ಟ್ರ ಗುರುಗಳು ಏರಿ ಎತ್ತರಿಸುವುದಕ್ಕೂ ಮುಂಚೆ ಬರೆದ ಪುಸ್ತಕ ಸಿಕ್ಕಿತು. ಅದೇ ತೂಬು, ಅದೇ ನೂರು ಮಾರು.

ಬುಧವಾರ ಮೇಷ್ಟ್ರನ್ನು ಕರೆಸಿದರು.

"ಕಲ್ಲನ್ನ ಯಾವಾಗ ನೋಡಿದ್ರಿ?"

"ಎರಡು ವರ್ಷದ ಹಿಂದೆ."

"ಅಳೆದವರು?"

"ನಾನೇ."

"ಕಾಲು ಒದ್ದೆಯಾಯ್ತಾ?"

"ಇಲ್ಲ... ಯಾಕೆ?"

ಇನ್‌ಸ್ಪೆಕ್ಟರ್ ಎರಡೂ ಪುಸ್ತಕಗಳನ್ನು ಬಿಡಿಸಿ ಪಕ್ಕಪಕ್ಕದಲ್ಲಿಟ್ಟರು. ಮೇಷ್ಟ್ರು ಮೆಲ್ಲಗೆ ತಮ್ಮ ಪುಸ್ತಕ ಮುಚ್ಚಿದರು.

ಅವರ ಹಿತ್ತಿಲಲ್ಲಿ ಉಳಿ, ಕೊಟ್ಟಿಗೆಯ ಚೂರಿಗೆ ಹೊಂದುವ ಒಡೆದ ಚಪ್ಪಡಿ ಸಿಕ್ಕವು. ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಸಂಜೆ ಬಂಧನವಾಯಿತು.

ಪುಸ್ತಕದ ಬೇರೆಲ್ಲ ಕಲ್ಲುಗಳ ಮುಂದೆ ಅವರು ಬಿಸಿಲಲ್ಲಿ ಕೂತು ಬರೆದುಕೊಂಡಿದ್ದರು. ಇದೊಂದರ ಹಾದಿಯಲ್ಲಿ ಬಸ್ಸು ಕೆಟ್ಟು ಹಿಂದಿರುಗಿದ್ದರು. ಗುರುಗಳ ಮಾತಲ್ಲವೇ ಎಂದು ಹಾಗೇ ಇಳಿಸಿಕೊಂಡರು. ತಂಡ ಬರುವ ಸುದ್ದಿ ಕೇಳಿ ಮೊದಲ ಸಲ ದಡಕ್ಕೆ ಹೋದಾಗ ಕಲ್ಲು ಕಾಣಲಿಲ್ಲ. 'ನೋಡಿರಲಿಲ್ಲ' ಎನ್ನುವುದಕ್ಕಿಂತ 'ಕಳುವಾಯಿತು' ಎನ್ನುವುದು ಸುಲಭವೆನಿಸಿತು.

ಲಾಕಪ್ ಬಾಗಿಲು ಹಾಕುವಾಗ ಪೇದೆ ಬಂದ. ತೆಪ್ಪದಿಂದ ಇಳಿಬಿಟ್ಟ ಗಳ ನೂರನೆಯ ಮಾರಿನಲ್ಲಿ ಕಲ್ಲಿಗೆ ತಗುಲಿತಂತೆ.

ಮೇಷ್ಟ್ರು ಸರಳು ಹಿಡಿದು ಎದ್ದು ನಿಂತರು. "ಅಲ್ಲೇ ಇದೆಯಾ? ಅಕ್ಷರ ಯಾವ ಕಡೆಗಿದೆ ಸಾರ್?"

"ಗೊತ್ತಿಲ್ಲ ಮೇಷ್ಟ್ರೇ," ಎಂದರು ಇನ್‌ಸ್ಪೆಕ್ಟರ್. "ನಾನಿನ್ನೂ ನೋಡಿಲ್ಲ."