ಅವಳು ತಿರುಗಿಸಿದ ಲೆನ್ಸ್

ಆ ಸ್ಟುಡಿಯೊಗೆ ಅವಳು ಸೇರಿದ್ದು ಪ್ರಿಂಟ್ ತೊಳೆಯುವ ಕೆಲಸಕ್ಕೆ. ತೊಳೆದ ಮುಖಗಳೆಲ್ಲ ಒಂದರ ಹಿಂದೊಂದು ಮಸುಕು. ಛಾಯಾಗ್ರಾಹಕನನ್ನು ನೇರವಾಗಿ ಕೇಳಿಯೇಬಿಟ್ಟಳು.

"ನಿಮ್ಗೆ ಕಣ್ಣು ಸರಿಯಾಗಿ ಕಾಣ್ಸಲ್ವಾ?"

"ಮೆಲ್ಲಗೆ ಮಾತಾಡು ಮಾರಾಯ್ತಿ! ಊರಿಗೆ ಗೊತ್ತಾದ್ರೆ ಬಾಗಿಲು ಹಾಕ್ಬೇಕಾಗುತ್ತೆ."

ಅವನದು ದೊಡ್ಡ ಫಿಲ್ಮ್ ಹಾಕುವ ಕ್ಯಾಮೆರಾ, ಅದಕ್ಕೊಂದು ಹಳೆಯ ನೂರೈವತ್ತು ಎಂಎಂ ಲೆನ್ಸ್. ಮುಖ ತೆಗೆಯಲೆಂದೇ ಹುಟ್ಟಿದ್ದು. ಫೋಕಸ್ ಎಲ್ಲ ಕೈಯಿಂದಲೇ; ಲೆನ್ಸಿನ ಸುತ್ತಲಿನ ರಿಂಗ್ ಕೂದಲೆಳೆಯಷ್ಟು ಹೆಚ್ಚು ತಿರುಗಿದರೂ ಕಣ್ಣು ಮಂಜಾಗಿ ಕಿವಿ ಸ್ಪಷ್ಟವಾಗುತ್ತಿತ್ತು. ಅಂದಿನಿಂದ ರಿಂಗ್ ತಿರುಗಿಸುವವಳು ಅವಳು, ಕ್ಲಿಕ್ಕಿಸುವವನು ಅವನು. ಬಂದವರಿಗೆ, "ಹುಡುಗಿ ಕೆಲಸ ಕಲೀತಿದಾಳೆ" ಎನ್ನುತ್ತಿದ್ದ. ಕ್ಯಾಮೆರಾದ ಮೇಲೆ, ಚಿತ್ರ ಮೂಡುವ ಗಾಜಿಗೆ ಇಬ್ಬರೂ ಬಗ್ಗಿದರೆ ಹಣೆಗೆ ಹಣೆ ತಾಗುತ್ತಿತ್ತು. ‘ನೀವು’ ಹೋಗಿ ‘ನೀನು’ ಬರಲು ಹೆಚ್ಚು ದಿನ ಬೇಕಾಗಲಿಲ್ಲ.

"ನಿನ್ನ ಕೂದಲು ನನ್ನ ಮೂಗಿಗೆ ಬರ್ತಿದೆ."

"ಮೂಗು ಆಚೆ ಇಟ್ಕೋ. ಇಲ್ಲಿ ಕಣ್ಣಿಗೆ ಮಾತ್ರ ಕೆಲಸ."

ಅವನು ನಕ್ಕರೆ ಗಾಜಿನ ಮೇಲೆ ಉಸಿರಿನ ಮಂಜು ಕೂರುತ್ತಿತ್ತು. ಅವಳು ತೋಳಿನ ತುದಿಯಿಂದ ಒರೆಸುತ್ತಿದ್ದಳು. ಒರೆಸಿ ಮುಗಿದರೂ ಇಬ್ಬರೂ ತಲೆ ಎತ್ತುತ್ತಿರಲಿಲ್ಲ.

ಅವನ ಚಿತ್ರಗಳಿಗೆ ದೊಡ್ಡ ಪ್ರಶಸ್ತಿ ಬಂತು. ಸಂದರ್ಶನಕ್ಕೆ ಬಂದ ವರದಿಗಾರ್ತಿ, ಟೀ ತಂದಿಟ್ಟ ಅವಳನ್ನು ನೋಡಿ, "ಇವರು?" ಎಂದಳು.

"ಇವಳಾ? ಲೈಟ್ ಹಿಡಿಯೋಳು. ಫೋಟೊ ವಿಷಯ ಏನೂ ಗೊತ್ತಾಗಲ್ಲ, ಪಾಪ."

ಆ ‘ಪಾಪ’ ಎದೆಗೆ ನಾಟಿತು. ಗುಟ್ಟು ಕಾಯಲು ಸುಳ್ಳು ಬೇಕಿತ್ತು, ಅದು ಅವಳಿಗೂ ಗೊತ್ತು. ಆದರೆ ಅಷ್ಟು ಹೇಳುವಾಗ ಅವನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ಮರುದಿನ ಒಬ್ಬ ಅಜ್ಜಿ ಫೋಟೊಗೆ ಬಂದು ಕೂತಳು. ಅವನು ಎಂದಿನಂತೆ ಸರಿದು ಜಾಗ ಬಿಟ್ಟ. ಅವಳು ರಿಂಗ್ ಮುಟ್ಟದೆ ಕೈಕಟ್ಟಿ ನಿಂತಳು.

"ನೀವೇ ಮಾಡಿ ಸರ್. ನಂಗೇನೂ ಗೊತ್ತಾಗಲ್ವಲ್ಲ."

ಅವನ ಮುಖ ಬಿಳಿಚಿತು. ರಿಂಗ್ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಬೆವರಿದ.

"ಏನಪ್ಪಾ, ನನ್ನ ಮುಖ ಅಷ್ಟು ಕಷ್ಟವಾ?" ಎಂದಳು ಅಜ್ಜಿ.

"ನಂಗೆ ಕಾಣ್ಸಲ್ಲ ಅಜ್ಜಿ," ಎಂದ ಕೊನೆಗೆ. "ಗೋಡೆ ಮೇಲಿರೋ ಅಷ್ಟೂ ಫೋಟೊಗೆ ಕಣ್ಣು ಇವಳದು. ನಾನು ಬರೀ ಬಟನ್ ಒತ್ತೋನು."

ಅವಳು ಕಟ್ಟಿದ ಕೈ ಬಿಚ್ಚಿದಳು. ಬಗ್ಗಿ ರಿಂಗ್ ತಿರುಗಿಸಿದಳು. ಅಜ್ಜಿಯ ರೆಪ್ಪೆಯ ಒಂದೊಂದು ಕೂದಲೂ ಎದ್ದು ಕಂಡಿತು. "ಒತ್ತಿ," ಎಂದಳು.

ಅಜ್ಜಿ ಹೋದ ಮೇಲೆ ಅವಳು ತನ್ನ ಚೀಲ ಹೆಗಲಿಗೇರಿಸಿದಳು. ಅವನು ಅವಳ ಕೈ ಹಿಡಿದ. "ಪತ್ರಿಕೆಯವರಿಗೂ ನಿಜ ಹೇಳ್ತೀನಿ. ನೀನಂದ್ರೆ ನಂಗೆ ಪ್ರಾಣ ಕಣೇ. ಹೋಗ್ಬೇಡ."

"ನಂಗೂ ಪ್ರಾಣವೇ. ಅದಕ್ಕೇ ಹೋಗ್ತಿರೋದು. ಇಲ್ದಿದ್ರೆ ಸಂಬಳ ತಗೊಂಡು ಸುಮ್ನೆ ಇದ್ಬಿಡ್ತಿದ್ದೆ."

ಮೆಲ್ಲಗೆ ಕೈ ಬಿಡಿಸಿಕೊಂಡಳು. ಲೆನ್ಸಿಗೆ ಮುಚ್ಚಳ ಹಾಕಿ ಮೆಟ್ಟಿಲಿಳಿದಳು. ಬೀದಿಯ ತಿರುವು ದಾಟುವವರೆಗೂ ಅಳಲಿಲ್ಲ.