ಚಾವಣಿಗೊಂದು ತೂತು, ಮನಸ್ಸಿಗೊಂದು ಅನುಮಾನ

"ಏಯ್! ಯಾರ್ರೀ ಅದು ಮೇಲೆ? ಇಳೀರಿ ಕೆಳಗೆ!"

ಮನೆಯ ಮುಂದೆ ನಿಂತು ಅವಳು ಕೂಗಿದಳು. ತಗಡಿನ ಚಾವಣಿಯ ಮೇಲೆ ಯಾವನೋ ಒಬ್ಬ ಮಂಡಿಯೂರಿ ಕೂತಿದ್ದ. ಕೈಯಲ್ಲಿ ದಪ್ಪ ಕತ್ತರಿ. ಅವನ ಮುಂದೆ, ಸರಿಯಾಗಿ ಅವಳ ಅಡುಗೆಮನೆಯ ನೆತ್ತಿಗೆ, ತಟ್ಟೆಯಗಲದ ತೂತು!

"ಕೊಯ್ದಾಗಿದೆ ಮೇಡಂ. ಈಗ ಇಳಿದು ಹೋದ್ರೆ ಮಳೆ ಬಂದಾಗ ನೀವೇ ಬೈತೀರಿ."

"ನಿಮಗೆ ಹೇಳಿದ್ದು ಯಾರು?"

"ನಿಮ್ಮ ಅತ್ತಿಗೆ."

ಅತ್ತಿಗೆಯಾ? ಅವಳ ಕಿವಿ ನಿಮಿರಿತು. ಆರು ತಿಂಗಳಲ್ಲಿ ಮೂರು ಸಂಬಂಧ ತಂದು, ಮೂರು ಸಲವೂ ಅವಳಿಂದ ಬೈಸಿಕೊಂಡಿದ್ದ ಅತ್ತಿಗೆ! ಈಗ ದಿಢೀರನೆ ಈ ಅಡುಗೆಮನೆಯ ಹೊಗೆಯ ಚಿಂತೆ ಹತ್ತಿತೇ? ಅದೂ ಇಷ್ಟು ಲಕ್ಷಣವಾಗಿರುವ ಕೆಲಸಗಾರನನ್ನೇ ಹುಡುಕಿ ಕಳಿಸಿದ್ದಾರೆ. ಇದರಲ್ಲಿ ಏನೋ ಇದೆ...

ಹಾಗೆಂದು ಕೆಲಸ ನಿಲ್ಲಿಸುವಂತೆಯೂ ಇರಲಿಲ್ಲ. ಮದುವೆಗೆ ಹತ್ತು ದಿನವಿರುವಾಗ ಒಬ್ಬ ಅವಳಿಗೆ ಕೈಕೊಟ್ಟು ಎರಡು ವರ್ಷವಾಗಿತ್ತು. "ಊರಿಗೆ ಹೋಗಿ ಬರ್ತೀನಿ" ಎಂದು ಸುಳ್ಳು ಹೇಳಿ ಹೋದವನು ಬರಲೇ ಇಲ್ಲ. ಅತ್ತೂ ಅತ್ತೂ ಸಾಕಾಗಿ ಒಂದು ದಿನ ಅವಳು ಒಲೆ ಹಚ್ಚಿದಳು. ಈಗ ಹದಿನೆಂಟು ಮನೆಗಳಿಗೆ ಅವಳ ಕೈಯೂಟ.

ಆದರೆ ಹೊಗೆ! ಒಲೆಯ ಮೇಲೆ, ಹೊಗೆ ಎಳೆಯುವ ಫ್ಯಾನಿರುವ ಮೈಕ್ರೋವೇವನ್ನು ಗೋಡೆಗೆ ಕೂರಿಸಿದ್ದರು. ಅದನ್ನು ಕೂರಿಸಿದವನು ಪೈಪನ್ನು ಅಟ್ಟದವರೆಗೆ ತಂದು ನಾಪತ್ತೆಯಾಗಿದ್ದ. ಹೊಗೆಯೆಲ್ಲ ಮನೆಯೊಳಗೇ ಸುತ್ತುತ್ತಿತ್ತು. ಅಮ್ಮನಿಗೆ ಬಿಡದ ಕೆಮ್ಮು.

"ಭಾನುವಾರದೊಳಗೆ ಹೊಗೆ ನಿಲ್ಲಲಿಲ್ಲ ಅಂದ್ರೆ ನಿನ್ನ ಅಡುಗೆ ವ್ಯವಹಾರ ಬಂದ್" ಎಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ. ಇವತ್ತು ಶುಕ್ರವಾರ. ಇದೂ ಕೈತಪ್ಪಿದರೆ ತನಗೆ ಉಳಿಯುವುದೇನು?

ಮಧ್ಯಾಹ್ನದ ಹೊತ್ತಿಗೆ ಪೈಪು ಅಟ್ಟ ದಾಟಿ ಚಾವಣಿಯ ಹೊರಗೆ ತಲೆಯೆತ್ತಿತು.

"ಈಗ ಒಲೆ ಹಚ್ಚಿ ನೋಡಿ" ಎಂದ ಅವನು, ಗೆದ್ದವನ ಹಾಗೆ.

ಅವಳು ಬಾಣಲೆಗೆ ಈರುಳ್ಳಿ, ಒಣಮೆಣಸಿನಕಾಯಿ ಹಾಕಿದಳು. ಫ್ಯಾನು ಗುರ್ ಎಂದಿತು. ಘಾಟೆಲ್ಲ ನೇರ ಅವಳ ಮುಖಕ್ಕೇ ರಾಚಿತು! ಒಳಕೋಣೆಯಲ್ಲಿ ಅಮ್ಮ ಕೆಮ್ಮತೊಡಗಿದರು.

"ತಗಡಿನ ಕೆಲಸದವರು ಅಂದ್ರು. ಕೆಲಸವೂ ತಗಡೇ ಅಂತ ಗೊತ್ತಿರಲಿಲ್ಲ!"

ಅವನು ಯಂತ್ರವನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿ ಮತ್ತೆ ಮೇಲೆ ಹತ್ತಿದ.

ಯಾಕೆ ಹಾಗೆ ನೋಡಿದ? ಅವಳು ಫ್ಯಾನು ಆರಿಸಿದಳು. ಆಗ ಪೈಪಿನೊಳಗಿಂದ ಅವನ ದನಿ ಇಳಿದು ಬಂತು. ಮೇಲೆ ಕೂತು ಯಾರಿಗೋ ಫೋನು ಮಾಡುತ್ತಿದ್ದ.

"...ಮುಂಚೆ ಬಂದವನು ಅರ್ಧಕ್ಕೇ ಕೈಕೊಟ್ಟು ಹೋಗಿದ್ದಾನೆ ಕಣಣ್ಣ. ಪಾಪ, ಇವಳು ಅವತ್ತಿಂದ ಎಲ್ಲಾನೂ ಒಳಗೇ ಇಟ್ಕೊಂಡಿದ್ದಾಳೆ... ಹೂಂ, ಮುಟ್ಟಿದ್ರೆ ಗುರ್ ಅಂತಾಳೆ... ಮೆಲ್ಲಗೆ ಮುಖ ತಿರುಗಿಸಿಬಿಟ್ರೆ ಆಯ್ತು, ನಮ್ಮ ದಾರಿಗೆ ಬರ್ತಾಳೆ!"

ಅವಳಿಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಎಲ್ಲವನ್ನೂ ಇವನ ಮುಂದೆ ಹರವಿದ್ದಾರೆ! ತನ್ನ ನೋವು ಇವರಿಗೆ ಚಾವಣಿಯ ಮೇಲೆ ಕೂತು ಹರಟುವ ವಿಷಯವಾಯಿತೇ?

ಅವನು ಇಳಿದು ಬರುವಾಗ ಅವಳು ಸೌಟು ಹಿಡಿದೇ ನಿಂತಿದ್ದಳು.

"ನಾನು ಯಾರ ದಾರಿಗೂ ಬರೋಳಲ್ಲ! ನನ್ನ ಮುಖ ತಿರುಗಿಸೋಕೆ ನೀವ್ಯಾರ್ರೀ?"

ಅವನು ಕಣ್ಣು ಕಣ್ಣು ಬಿಟ್ಟ. "ನಿಮ್ಮ ಮುಖಾನಾ? ಅಯ್ಯೋ ಮೇಡಂ... ನಾನು ಹೇಳಿದ್ದು ಇವಳನ್ನ!"

ಅವನ ಬೆರಳು ಮೈಕ್ರೋವೇವಿನ ಕಡೆಗಿತ್ತು.

"ನನಗೆ ಕೆಲಸ ಕಲಿಸಿದ ಅಣ್ಣ ಯಾವ ಮಿಷನ್ನನ್ನೂ 'ಅದು' ಅನ್ನಲ್ಲ, 'ಇವಳು' ಅಂತಾನೆ. ನನಗೂ ಅದೇ ಅಂಟಿಬಿಟ್ಟಿದೆ."

ಅವನು ಯಂತ್ರವನ್ನು ಕೆಳಗಿಳಿಸಿ, ತಿರುಪು ಬಿಚ್ಚಿ ಒಳಗಿನ ಫ್ಯಾನು ತೋರಿಸಿದ. "ನೋಡಿ, ಗಾಳಿ ಬಿಡೋ ಮುಖ ಮನೆ ಕಡೆಗಿದೆ. ಹೊಸದರಲ್ಲಿ ಹೀಗೇ ಬಂದಿದೆ. ಪೈಪ್ ಹಾಕೋವಾಗ ಇದನ್ನ ಬಿಚ್ಚಿ ಮೇಲಕ್ಕೆ ತಿರುಗಿಸಬೇಕಿತ್ತು. ಮುಂಚೆ ಬಂದ ಪುಣ್ಯಾತ್ಮ ತಿರುಗಿಸಿಲ್ಲ. ನಾನೂ ತೆಗೆದು ನೋಡಲಿಲ್ಲ. ತಪ್ಪು ನನ್ನದು."

ತಪ್ಪು ನನ್ನದು! ಎಷ್ಟು ಸಲೀಸಾಗಿ ಹೇಳಿಬಿಟ್ಟ. ಈ ಒಂದು ಮಾತಿಗಾಗಿ ಅವಳು ಇನ್ನೊಬ್ಬನ ಫೋನಿಗೆ ತಿಂಗಳುಗಟ್ಟಲೆ ಕಾದಿದ್ದಳು.

ಫ್ಯಾನು ತಿರುಗಿಸಿ, ಯಂತ್ರವನ್ನು ಮತ್ತೆ ಗೋಡೆಗೇರಿಸಿದ ಮೇಲೆ ಅವಳು ಒಲೆ ಹಚ್ಚಿ ಒಗ್ಗರಣೆ ಹಾಕಿದಳು. ಬಾಣಲೆಯಿಂದೆದ್ದ ಹೊಗೆ ಸುಮ್ಮನೆ ಮೇಲಕ್ಕೆ ಹೋಯಿತು.

ಸ್ವಲ್ಪ ಹೊತ್ತಿಗೆ ಅಮ್ಮ ಬಾಗಿಲಿಗೆ ಬಂದು ಇಣುಕಿದರು. "ಏನೇ, ಇವತ್ತು ಇನ್ನೂ ಒಗ್ಗರಣೆ ಹಾಕಿಲ್ವಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅವನು ಬೇರೆ ಕಡೆ ನೋಡುತ್ತಾ ಸಾಮಾನು ಜೋಡಿಸಿಕೊಂಡ.

ಭಾನುವಾರ ಅಣ್ಣ ಬಂದು, ಮೂಗರಳಿಸಿ ಮೂಸಿ, ತುಟಿಪಿಟಕ್ ಎನ್ನದೆ ಊಟ ಮಾಡಿ ಹೋದ.

ಸೋಮವಾರ ತಗಡಿನವನು ಮತ್ತೆ ಹಾಜರು! ಚಾವಣಿ ಸೋರುತ್ತದೇನೋ ನೋಡಬೇಕಂತೆ. ಗುರುವಾರ ಪೈಪಿನ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದೆಯೇನೋ ಎಂದು ಬಂದ. ಅವಳ ಅನುಮಾನ ಮತ್ತೆ ತಲೆಯೆತ್ತಿತು. ಅತ್ತಿಗೆಗೆ ಫೋನು ಮಾಡಿದಳು.

"ನಾನಾ? ಅಂಗಡಿ ಬೋರ್ಡಿನ ನಂಬರ್ ನೋಡಿ ಕರೆಸಿದ್ದು ಅಷ್ಟೇ. ನಿನಗೆ ಗಂಡು ಹುಡುಕೋ ಸಹವಾಸ ನನಗೆ ಸಾಕಾಗಿದೆ ತಾಯಿ!"

ಶನಿವಾರ ಅವನು ಮತ್ತೆ ಬಂದಾಗ ಅವಳು ಬಾಗಿಲಲ್ಲೇ ತಡೆದಳು.

"ಇವತ್ತೇನು?"

"ಪೈಪಿನ ಜೋಡಣೆ ಒಂಚೂರು..."

"ನಿಜ ಹೇಳಿ."

ಅವನು ತಲೆ ತಗ್ಗಿಸಿದ. "ಪೈಪ್ ಚೆನ್ನಾಗಿದೆ. ಚಾವಣಿ ಸೋರಲ್ಲ, ಹಕ್ಕೀನೂ ಇಲ್ಲ. ಎಲ್ಲಾ ನೆಪ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು, ಬಂದೆ."

ಅಂತೂ ಒಂದು ಅನುಮಾನವಾದರೂ ನಿಜವಾಗಿತ್ತು!

"ಅಂದ್ರೆ ಮೂರು ಸಲ ಸುಳ್ಳು ಹೇಳಿದ್ರಿ."

"ಹೇಳಿದೆ. ಇನ್ನು ಹೇಳಲ್ಲ. ಬರಬೇಡಿ ಅಂದ್ರೆ ಬರೋದೂ ಇಲ್ಲ."

ಕೇಳಿದ ತಕ್ಷಣ ಒಪ್ಪಿಕೊಂಡವನನ್ನು ಏನು ಮಾಡುವುದು? ಇವನು ಇನ್ನು ಬರದೇ ಹೋದರೆ ಎಂದು ನೆನೆದಾಗ ಆದ ಸಂಕಟ ಅವಳಿಗೇ ಹೊಸದು.

"ನನ್ನ ಅಡುಗೆ ಕೆಲಸಾನ ಯಾರಿಗೋಸ್ಕರವೂ ಬಿಡಲ್ಲ ನಾನು."

"ಬಿಡಿ ಅಂದೋರು ಯಾರು?"

ಅವಳು ಬಾಗಿಲಿಗೆ ಅಡ್ಡವಿಟ್ಟ ಕೈ ತೆಗೆದಳು. ಆಮೇಲೆ ಮೆಲ್ಲಗೆ ಕೇಳಿದಳು, "ನಾಳೆ ಬರ್ತೀರಾ?"

"ಬರ್ತೀನಿ... ನಿಮ್ಮ ಅಮ್ಮ ಕೇಳಿದ್ರೆ ಯಾವ ಕೆಲಸಕ್ಕೆ ಅಂತ ಹೇಳ್ಲಿ?"

"ಯಾವ ಕೆಲಸಾನೂ ಇಲ್ಲ ಅಂತಲೇ ಹೇಳಿ. ನಾನು ಕಾಯ್ತಿರ್ತೀನಿ."