ಆಸರಕ್ಕೆ ಒಂದು ಗುಟುಕು

“ಹಾರ್ದಿಕದ ‘ದ’ಕ್ಕ ಹೊಟ್ಟಿ ಸೀಳಬಾರದ್ರಿ. ಶುಭಾಶಯ ಹೇಳೂದ್ರೊಳಗ ಅದು ಸತ್ತೇ ಹೋಗ್ತದ.”

ಭೀಮೇಶನಿಗೆ ನಾನು ಆಡಿದ ಮೊದಲ ಮಾತು ಇದು. ಅವನು ಬ್ಯಾನರಿಗೆಂದು ‘ಹಾರ್ಧಿಕ ಶುಭಾಶಯ’ ಎಂದು ಬರೆದು ತಂದಿದ್ದ ಚೀಟಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಕಿವಿಯ ತುದಿ ಕೆಂಪಗಾಯಿತು.

“ನಾ ಟಿವಿ ರಿಪೋರ್ಟರ್ ಅದೀನ್ರಿ,” ಅಂದ.

“ಹಂಗಾದ್ರ ನಿಮ್ಮ ತಪ್ಪಿಲ್ಲ ಬಿಡ್ರಿ.”

ಪಕ್ಕದಲ್ಲಿ ಫ್ಲೆಕ್ಸ್ ಕತ್ತರಿಸುತ್ತಿದ್ದ ಹಬೀಬಾ ನಗು ತಡೆಯಲಾರದೆ, ಯಾರದೋ ನಾಯಕರ ಹುಟ್ಟುಹಬ್ಬದ ಬ್ಯಾನರ್ ಹಿಂದೆ ಮುಖ ಮುಚ್ಚಿಕೊಂಡಳು.

ಸುರಪುರದ ಬಸ್ ನಿಲ್ದಾಣದ ಹತ್ತಿರ ನಾವಿಬ್ಬರೂ ನಡೆಸುವ ಅಂಗಡಿ ಅದು. ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ, ಏನೇ ಇರಲಿ, ಡಿಸೈನ್ ನನ್ನದು. ಹೆಸರು ಮೌನಮ್ಮ. ತಿಂಥಣಿಯ ದೇವರಿಗೆ ಹರಕೆ ಹೊತ್ತು ಹೆತ್ತ ಮಗಳೆಂದು ಅವ್ವ ಇಟ್ಟ, ಆ ದೇವರದೇ ಹೆಸರು. ಹೆಸರಿಗೆ ತಕ್ಕಂತೆ ನಾನು ಒಂದು ದಿನವೂ ಇದ್ದವಳಲ್ಲ. ಮೂರನೇ ವಯಸ್ಸಿನಲ್ಲಿ ಬಂದ ಜ್ವರ ಎಡಗಾಲನ್ನು ಸಣ್ಣದು ಮಾಡಿ ಹೋಯಿತು. ಕೈಗೆ ಕೋಲು, ಓಡಾಡಲು ಪಕ್ಕದ ಚಕ್ರ ಕೂಡಿಸಿದ ಸ್ಕೂಟಿ. ಆ ಗಾಡಿಯ ಮೇಲೆ ಕೂತರೆ ಸುರಪುರದ ಏರಿಳಿವಿನ ಓಣಿಗಳೆಲ್ಲ ನನ್ನ ಅಪ್ಪನ ಆಸ್ತಿ.

ಭೀಮೇಶ ಶಹಾಪುರದವನು. ಬೆಂಗಳೂರಿನ ಒಂದು ಚಾನೆಲ್ಲಿಗೆ ಯಾದಗಿರಿ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದ. ಒಂದು ಬ್ಯಾನರಿಗೆ ಬಂದವನು ಆಮೇಲೆ ವಾರಕ್ಕೆ ಮೂರು ಸಲ ಬರತೊಡಗಿದ. ಪ್ರತಿ ಸಲವೂ ಹೊಸ ನೆಪ, ಪ್ರತಿ ಸಲವೂ ಹೊಸ ಅಕ್ಷರತಪ್ಪು.

“ಬೇಕಂತಲೇ ತಪ್ಪು ಬರೀತಾರ ನೋಡು,” ಎಂದಳು ಹಬೀಬಾ. “ನೀ ಬೈಲಿ ಅಂತ.”

“ಸುಮ್ಮನಿರವ್ವ. ಅವರಿಗೆ ಖರೇನೇ ಬರಂಗಿಲ್ಲ.”

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಕಪ್ಪಾದ ಕಂಪ್ಯೂಟರ್ ಪರದೆಯಲ್ಲಿ ಹಿಂದೆ ಕುಂತಿದ್ದ ಅವನ ಮುಖ ಕಂಡಿತು. ನನ್ನ ಜಡೆಯನ್ನೇ ನೋಡುತ್ತಿದ್ದ. ನಾನು ನೋಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಕರೆಂಟ್ ಬರುವವರೆಗೆ ನಾನು ಕದಲಲಿಲ್ಲ. ಎದುರಿಗೆ ‘ನೀವು’, ‘ರೀ’ ಎನ್ನುತ್ತಿದ್ದವಳು ಅವತ್ತಿನಿಂದ ಮನಸ್ಸಿನೊಳಗೆ ‘ಅವನು’ ಎನ್ನತೊಡಗಿದೆ.

ನಮ್ಮ ಮನೆಯ ಟಿವಿಯ ಸುದ್ದಿ ಅವನಿಗೆ ಹೇಳಿದವಳು ನಾನೇ. ಸಂಜೆಯಾದರೆ ಅವ್ವ ಧಾರಾವಾಹಿಗೆ ಕೂರುತ್ತಾಳೆ. ಅದರಲ್ಲಿ ಕುಂಟುವ ಹುಡುಗಿ ಬಂದರೆ ಒಂದೋ ಅವಳು ದೇವತೆ, ಇಲ್ಲ ಮನೆ ಮುರಿಯುವ ಹಟಮಾರಿ. ಮಿರ್ಚಿ ಬಜಿ ತಣ್ಣಗಾಗಿದೆ ಎಂದು ಜಗಳ ತೆಗೆಯುವ ಕುಂಟಿಯನ್ನು ನಾನಂತೂ ಟಿವಿಯಲ್ಲಿ ನೋಡಿಲ್ಲ. ಧಾರಾವಾಹಿಯಲ್ಲಿ ಕಡೆಗೊಂದು ದಿನ ಗುಡಿಯ ಗಂಟೆ ಮೊಳಗುತ್ತದೆ, ಹುಡುಗಿ ನೆಟ್ಟಗೆ ನಡೆದುಬಿಡುತ್ತಾಳೆ.

“ಆ ಗಂಟಿ ಹೊಡದಾಗೆಲ್ಲ ನಮ್ಮವ್ವ ನನ್ನ ಕಾಲು ನೋಡ್ತಾಳ್ರಿ,” ಅಂದೆ.

ಭೀಮೇಶ ನಕ್ಕ. ನಗು ಅರ್ಧಕ್ಕೇ ನಿಂತಿತು. “ನಾ ಒಂದು ಸ್ಟೋರಿ ಮಾಡ್ತೀನ್ರಿ. ನೀವು ಹೆಂಗ ಅದೀರೋ ಹಂಗ. ಬಾಯಿ ಜೋರು, ಗಾಡಿ ಜೋರು, ಎಲ್ಲಾ.”

ನಾನು ಒಪ್ಪಿದ್ದು ಟಿವಿಯಲ್ಲಿ ಕಾಣುವ ಆಸೆಗಲ್ಲ. ಕ್ಯಾಮರಾ ಹಿಡಿದರೆ ಅರ್ಧ ದಿನ ಅವನು ನನ್ನನ್ನೇ ನೋಡಬೇಕಲ್ಲ, ಅದೂ ನಾಚಿಕೆಯಿಲ್ಲದೆ, ಅದಕ್ಕೆ.

ಚಿತ್ರೀಕರಣದ ದಿನ ನವಿಲು ಬಣ್ಣದ ಇಳಕಲ್ ಸೀರೆ ಉಟ್ಟೆ. ಅಂಗಡಿಯಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಬೆಂಗಳೂರಿನಿಂದ ಫೋನ್. ಸ್ಪೀಕರ್ ಮೇಲಿತ್ತು, ನನಗೂ ಕೇಳಿಸಿತು.

“ಭೀಮೇಶ್, ಆ ಗಾಡಿ ಫ್ರೇಮಲ್ಲಿ ಬೇಡ ಕಣ್ರೀ. ಮೆಟ್ಟಿಲು ಗಿಟ್ಟಿಲು ಹತ್ಸಿ. ಕಷ್ಟ ಕಾಣ್ಬೇಕು.”

ಅವನು ನನ್ನ ಕಡೆ ನೋಡಿದ. ಕೇಳಲಿಲ್ಲ, ನೋಡಿದ ಅಷ್ಟೇ. “ಆಯ್ತು ನಡೀರಿ,” ಅಂದೆ. ಅವನಿಗಾಗಿ ಗುಡ್ಡದ ಗುಡಿಯ ಮೆಟ್ಟಿಲು ಹತ್ತಿದೆ. ಒಂದು ಸಲವಲ್ಲ, ನಾಲ್ಕು ಸಲ. ಒಮ್ಮೆ ಬಿಸಿಲು ಸರಿಯಿಲ್ಲ, ಒಮ್ಮೆ ಮುಖ ಸರಿಯಿಲ್ಲ. “ಸ್ವಲ್ಪ ನಗು ಕಡಿಮಿ ಮಾಡ್ರಿ,” ಎಂದ ಪಾಪದವನು, ತಲೆ ತಗ್ಗಿಸಿಕೊಂಡು.

ನಾಲ್ಕನೆಯ ಸಲ ಹತ್ತಿ ಮುಗಿಸಿದಾಗ ಗಂಟಲು ಒಣಗಿತ್ತು. “ಭಾಳ ಆಸರಾಗೇದ್ರಿ. ಒಂದೀಟು ಕೊಡ್ರಿ,” ಅಂದೆ.

ನಮ್ಮ ಕಡೆ ಆಸರ ಅಂದರೆ ಬಾಯಾರಿಕೆ. ಮನೆಗೆ ಬಂದವರಿಗೆ ಆಸರಕ್ಕೇನು ಬೇಕು ಎಂದು ಕೇಳದಿದ್ದರೆ ಅದು ಮನೆಯೇ ಅಲ್ಲ. ಭೀಮೇಶ ಸ್ಟ್ಯಾಂಡಿನ ಮೇಲಿದ್ದ ಕ್ಯಾಮರಾವನ್ನು ಚಾಲೂ ಬಿಟ್ಟೇ ಓಡಿ ಬಂದ. ತನ್ನ ಬಾಟಲಿಯ ಬಾಯಿಯನ್ನು ಅಂಗಿಯ ಚುಂಗಿನಿಂದ ಒರೆಸಿ ಕೊಟ್ಟ. ನಾನು ಎತ್ತಿ ಕುಡಿಯಲಿಲ್ಲ, ಕಚ್ಚಿಯೇ ಕುಡಿದೆ. ನಾನು ಕೊಟ್ಟ ಮೇಲೆ ಅವನು ಒರೆಸಲಿಲ್ಲ, ಹಾಗೆಯೇ ಕುಡಿದ. ಇಡೀ ಬದುಕಿನಲ್ಲಿ ನಾನು ನಿಜವಾಗಿ ಮೌನಮ್ಮ ಆಗಿದ್ದು ಆ ಎರಡು ನಿಮಿಷ.

ಮೂರನೇ ದಿನ ಮಧ್ಯಾಹ್ನ ಪ್ರಸಾರವಾಯಿತು. ಅಂಗಡಿ ಇಲ್ಲ, ಗಾಡಿ ಇಲ್ಲ, ಹಬೀಬಾ ಇಲ್ಲ. ನವಿಲು ಬಣ್ಣದ ಸೀರೆಯೂ ಇಲ್ಲ; ಚಿತ್ರವನ್ನೆಲ್ಲ ಕಪ್ಪುಬಿಳುಪು ಮಾಡಿದ್ದರು. ಅಳುವ ಕೊಳಲು. ಮೆಟ್ಟಿಲು ಹತ್ತುವ ನನ್ನ ಕಾಲು, ಬರೀ ಕಾಲು. ಕೊನೆಗೆ ನನ್ನ ಬೆವೆತ ಮುಖ, ನನ್ನದೇ ಧ್ವನಿ: “ಭಾಳ ಆಸರಾಗೇದ್ರಿ. ಒಂದೀಟು ಕೊಡ್ರಿ.” ಕೆಳಗೆ ಕೆಂಪು ಪಟ್ಟಿಯಲ್ಲಿ ಬಿಳಿ ಅಕ್ಷರ: ನನಗೆ ಆಸರೆ ಕೊಡಿ! ಅಂಗವಿಕಲೆಯ ಆರ್ತನಾದ.

ನೀರು ಕುಡಿದದ್ದನ್ನು ಕತ್ತರಿಸಿ ಹಾಕಿದ್ದರು.

“ಯವ್ವಾ, ನೀ ನೀರು ಕೇಳಿದ್ದಲ್ಲೇನ ಅದು?” ಎಂದಳು ಅವ್ವ. ಮರುಕ್ಷಣವೇ ಸೆರಗು ಬಾಯಿಗಿಟ್ಟು ಅಳತೊಡಗಿದಳು. ನನ್ನ ಮಾತು ಗೊತ್ತಿದ್ದ ಅವ್ವನೇ ಪಟ್ಟಿಯನ್ನು ನಂಬಿದಳು.

ಮರುದಿನ ಓಣಿಯವರು ಅಕ್ಕಿ ತಂದುಕೊಟ್ಟರು. ಅದನ್ನಾದರೂ ತಡೆದುಕೊಂಡೆ. ಅಂಬ್ರಪ್ಪ ಎಂಬ ಗಿರಾಕಿ ಇದ್ದ; ಬ್ಯಾನರಿನಲ್ಲಿ ತನ್ನ ಫೋಟೋ ಸಣ್ಣದಾಯಿತೆಂದು ಪ್ರತಿ ಸಲ ಅಂಗಡಿ ಕಿತ್ತುಹೋಗುವಂತೆ ಕೂಗಾಡುವವನು. ಅವತ್ತು ಅವನ ಫೋಟೋ ನಿಜವಾಗಿಯೂ ಸಣ್ಣದಾಗಿತ್ತು. ನೋಡಿದ, ಮಡಚಿದ, ಮೆಲ್ಲಗೆ ಹೇಳಿದ: “ಇರ್ಲಿ ಬಿಡವ್ವ ತಂಗಿ, ಪಾಪ.”

“ಪಾಪ ಯಾಕ್ರಿ? ಬೈರಿ ನನಗ!” ಅಂದೆ. ಅವನು ಬೈಯಲಿಲ್ಲ. ಅದಾದ ಮೇಲೆ ಊರಲ್ಲಿ ಯಾರೂ ನನ್ನೊಂದಿಗೆ ಜಗಳವಾಡಲಿಲ್ಲ.

ಆಮೇಲೆ ದೇವಾಪುರದಿಂದ ಹೆಂಡತಿ ಸತ್ತ ಒಬ್ಬರು ಬಂದರು. “ಟಿವ್ಯಾಗ ನೋಡೀನ್ರಿ. ಆಸರೆ ಬೇಕಂದ್ರಲ್ಲ. ನಾ ಕೊಡ್ತೀನಿ.” ಅವ್ವ ಅವರಿಗೆ ಚಹಾ ಮಾಡಿಕೊಟ್ಟಳು. ಈ ಸಂಬಂಧ ಬೇಡ ಎಂದು ನಾನು ಹೇಳಿದ್ದಕ್ಕೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಭೀಮೇಶ ಅಂಗಡಿಯ ಕಡೆ ಬರಲಿಲ್ಲ. ನಾನೇ ಗಾಡಿ ಹತ್ತಿ ಶಹಾಪುರಕ್ಕೆ ಹೋದೆ. ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಎದುರು ಒಂದು ಚಹಾ ಹೋಟೆಲ್. ಅಲ್ಲಿಗೆ ಕರೆದೆ, ಬಂದ. ಗಡ್ಡ ಬಿಟ್ಟಿದ್ದ. ಎಷ್ಟು ಸಿಟ್ಟಿದ್ದರೂ ಅವನು ಬರುವುದನ್ನು ಕಂಡು ಕೈ ತಾನಾಗಿಯೇ ನನ್ನ ಕೂದಲು ಸರಿಮಾಡಿತು. ಆ ಕೈಯ ಮೇಲೂ ಸಿಟ್ಟು ಬಂತು.

“ಆ ಪಟ್ಟಿ ಯಾರು ಬರದ್ರು?”

“ಬೆಂಗಳೂರಿನ ಡೆಸ್ಕಿನವರು.”

“ಅವರಿಗೆ ನಮ್ಮ ಮಾತು ತಿಳಿಯಂಗಿಲ್ಲ. ನಿಮಗ?”

ಅವನು ಚಹಾದ ಕಪ್ಪನ್ನು ಬದಿಗೆ ಸರಿಸಿದ. “ಫೋನ್ ಮಾಡಿ ಕೇಳಿದ್ರು. ‘ಆಸರ ಅಂದ್ರೆ ಆಸರೆ ತಾನೇ?’ ಅಂತ. ಹೌದ್ರಿ ಅಂದೆ.”

ಊಹಿಸಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಆದರೂ ಅವನ ಬಾಯಿಂದ ಕೇಳಿದ ಮೇಲೆ ಬಿಡಲಾಗಲಿಲ್ಲ.

“ಯಾಕ?”

“ಅವಸರ ಇತ್ತು ಅಂತ ಹೇಳಬಹುದು. ಅದು ಸುಳ್ಳು. ಆ ಶಬ್ದ ಕೇಳಿದ ಕೂಡ್ಲೇ ಹಂಗೇ ಇರ್ಲಿ ಅನಿಸ್ತು. ನೀವು ಆಸರೆ ಕೇಳಬೇಕು, ನಾ ಕೊಡಬೇಕು...” ತಲೆ ಎತ್ತಿದ. ಕಣ್ಣು ತುಂಬಿದ್ದವು. “ಮೌನಮ್ಮ, ನೀವಂದ್ರ ನನಗ ಜೀವ. ಲಗ್ನ ಆಗ್ರಿ ನನ್ನ. ನಮ್ಮನಿಯವರಿಗೆ ನಾ ಹೇಳ್ತೀನಿ.”

ಎಷ್ಟು ದಿನದಿಂದ ಕಾದಿದ್ದ ಮಾತು ಅದು! ಬಂದದ್ದು ಯಾವುದರ ಜೊತೆ ಬಂತು ನೋಡಿ.

“ನನಗೂ ನೀವಂದ್ರ ಜೀವ,” ಅಂದೆ. “ಮುಚ್ಚಿಡೂದಿಲ್ಲ. ಬಾಟಲಿ ಒರಸಿ ಕೊಟ್ರಲ್ಲ, ಅವತ್ತೇ ಕೇಳಿದ್ರ ಹೂಂ ಅಂತಿದ್ದೆ.”

“ಇವತ್ತು?”

“ಇವತ್ತು ಹೂಂ ಅಂದ್ರ ಆ ಪಟ್ಟಿ ಖರೇ ಆಗ್ತದ. ಪುಣ್ಯಾತ್ಮ, ಕುಂಟಿಗೆ ಬಾಳು ಕೊಟ್ಟ ಅಂತ ಮಂದಿ ನಿಮಗ ಕೈ ಮುಗೀತಾರ. ಮಂದಿ ಬಿಡ್ರಿ. ನಾಳೆ ಮನ್ಯಾಗ ಪಲ್ಯ ಖಾರ ಆದ್ರ ನೀವು ಬೈತೀರೋ, ಇಲ್ಲ ಅಂಬ್ರಪ್ಪನಂಗ ‘ಇರ್ಲಿ ಪಾಪ’ ಅಂತೀರೋ? ನನಗ ಗೊತ್ತಾಗಂಗಿಲ್ಲ. ನಿಮಗೂ ಗೊತ್ತಾಗಂಗಿಲ್ಲ. ಆ ಪಟ್ಟಿ ಕೆಳಗ ನನ್ನ ಜೀವಮಾನ ಕಳೀಲಿಕ್ಕೆ ಆಗಂಗಿಲ್ರಿ.”

“ತಪ್ಪು ಆಗೇದ. ತಿದ್ದಿಕೋತೀನಿ.”

“ತಿದ್ರಿ. ಆದ್ರ ನನಗಾಗಿ ಕಾಯಬ್ಯಾಡ್ರಿ.”

ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಫೋನ್ ತೆಗೆದ. ನಾನು ಮುಖ ತಿರುಗಿಸಿದೆ.

“ನಿಮ್ಮ ವಿಡಿಯೋ ತಗೋಳಂಗಿಲ್ರಿ,” ಅಂದ. ಫೋನನ್ನು ತನ್ನ ಕಡೆಗೇ ತಿರುಗಿಸಿಕೊಂಡ.

ಕೋಲು ಹಿಡಿದು ನಾನು ಹೊಸ್ತಿಲು ದಾಟುತ್ತಿದ್ದೆ. ಹಿಂದಿನಿಂದ ಅವನ ಧ್ವನಿ ಕೇಳಿಸಿತು. ವರದಿಗಾರನ ಬೆಂಗಳೂರು ಕನ್ನಡವಲ್ಲ, ಶಹಾಪುರದ ಮಾತು.

“ನಾ ಭೀಮೇಶ. ಸುರಪುರದ ಹೆಣ್ಣಮಗಳ ಸುದ್ದಿ ಕಳಿಸಿದವ ನಾನೇ. ಆಕಿ ಅವತ್ತು ಕೇಳಿದ್ದು ನೀರು. ಆಸರೆ ಬೇಕಾಗಿದ್ದು ಆಕಿಗಲ್ಲ...” ಧ್ವನಿ ಒಡೆಯಿತು. “ನನಗ.”

ಕಾಲು ತಡೆಯಿತು. ತಿರುಗಿ ನೋಡಬೇಕೆಂದು ಇಡೀ ಮೈ ಬೇಡಿತು. ನೋಡಲಿಲ್ಲ. ನೋಡಿದ್ದರೆ ನನ್ನ ಬಾಯಿಂದಲೂ ‘ಪಾಪ’ ಎಂಬ ಮಾತೇ ಬರುತ್ತಿತ್ತು. ಆ ಮಾತಿನಿಂದ ಶುರುವಾಗುವ ಸಂಸಾರ ನನಗೂ ಬೇಡ, ಅವನಿಗೂ ಬೇಡ.

ಗಾಡಿ ಚಾಲೂ ಮಾಡಿದೆ. ಊರು ದಾಟಿ, ಹತ್ತಿ ಹೊಲಗಳ ನಡುವೆ ಯಾರೂ ಇಲ್ಲದ ಕಡೆ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ ಮನಸಾರೆ ಅತ್ತೆ.